ವಜ್ರ ಎಂದರೆ ಅಂಟು

ಹಳೆಯ ತಲೆಮಾರಿನ ಬಡಗಿಗಳ ಬಾಯಲ್ಲಿ ವಜ್ರ ಎಂದರೆ ಅಂಟು. ದನ, ಎಮ್ಮೆಗಳ ತೊಗಲನ್ನು ಬೇಯಿಸಿ, ಸೋಸಿ, ಒಣಗಿಸಿದ ಕಂದು ಬಣ್ಣದ ತುಂಡು ಅದು. ಬೇಕಾದಾಗ ನೀರಿನಲ್ಲಿ ನೆನೆಸಿ, ಬಿಸಿ ಮಾಡಿ, ಕುಂಚದಿಂದ ಹಚ್ಚಿ, ಎರಡು ಮರದ ತುಂಡುಗಳನ್ನು ಕೂಡಿಸಿ ಬಿಗಿದಿಟ್ಟರೆ ಬೆಳಗಾಗುವಷ್ಟರಲ್ಲಿ ಎರಡೂ ಒಂದಾಗಿರುತ್ತಿದ್ದವು. ತಮಿಳುನಾಡಿನ ಮರಗೆಲಸದವರಲ್ಲಿ ಅದೇ ವಜ್ಜಿರಂ. ಮರಾಠಿಯಲ್ಲಿ ಸರಸ್, ಹಿಂದಿಯಲ್ಲಿ ಸರೇಸ್. ಕನ್ನಡದಲ್ಲೂ ಸರೇಸು ಎಂಬ ಮಾತುಂಟು. 1959ರಲ್ಲಿ ಫೆವಿಕಾಲ್ ಬಂತು. ಒಲೆ ಹೊತ್ತಿಸಬೇಕಿಲ್ಲ, ನಾತವಿಲ್ಲ, ಡಬ್ಬಿಯ ಮುಚ್ಚಳ ತೆರೆದರೆ ಸಾಕು. ಬಡಗಿಯ ಒಲೆಯ ಮೇಲಿನ ಅಂಟಿನ ಪಾತ್ರೆ ಮೆಲ್ಲನೆ ಮೂಲೆಗೆ ಸರಿಯಿತು. ವಜ್ರ ಎಂಬ ಪದದ ಆ ಅರ್ಥವೂ ಅದರ ಜೊತೆಗೇ ಹೋಯಿತು.

ಪುಣೆಯ ಒಂದು ಮನೆಯಲ್ಲಿ ಆ ಪದ ಇನ್ನೂ ಬಳಕೆಯಲ್ಲಿದೆ. ಮನೆಯ ಯಜಮಾನರ ಮೂಲ ಬಸವಕಲ್ಯಾಣದ ಹತ್ತಿರದ ಹಳ್ಳಿ. ಗಾಜಿನ ನಾರು ಮತ್ತು ರಾಳ ಸೇರಿಸಿ ಟ್ಯಾಂಕು, ಪೈಪುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈಗ ಅವರು ಕೊಂಬಿನ ಬಿಲ್ಲು ಮಾಡುತ್ತಾರೆ. ಮಾರುವುದಕ್ಕಲ್ಲ. ಆರು ವರ್ಷಗಳಲ್ಲಿ ಮುಗಿದಿರುವುದು ಎರಡು, ಮೂರನೆಯದು ಒಣಗುತ್ತಿದೆ.

ಕೊಂಬಿನ ಬಿಲ್ಲು ಎಂದರೆ ಬಿದಿರನ್ನು ಬಗ್ಗಿಸಿ ಹಗ್ಗ ಕಟ್ಟಿದ ಬಿಲ್ಲಲ್ಲ. ನಡುವೆ ತೆಳ್ಳಗಿನ ಮರದ ಪಟ್ಟಿ. ಬಿಲ್ಲುಗಾರನ ಕಡೆಗಿರುವ ಮೈಗೆ, ಅಂದರೆ ಬಿಲ್ಲಿನ ಹೊಟ್ಟೆಗೆ, ಎಮ್ಮೆಯ ಕೊಂಬನ್ನು ಸೀಳಿ ನಯ ಮಾಡಿದ ಪಟ್ಟಿ. ಆಚೆಯ ಮೈಗೆ, ಅಂದರೆ ಬೆನ್ನಿಗೆ, ಪ್ರಾಣಿಯ ಕಾಲಿನ ಸ್ನಾಯುರಜ್ಜು. ಊರಿನ ಮಾತಿನಲ್ಲಿ ಹೇಳಿದರೆ ನರ. ಬಿಲ್ಲನ್ನು ಎಳೆದಾಗ ಹೊಟ್ಟೆ ಅದುಮಿಕೊಳ್ಳುತ್ತದೆ, ಬೆನ್ನು ಹಿಗ್ಗುತ್ತದೆ. ಅದುಮುವಿಕೆಯನ್ನು ಕೊಂಬಿನಷ್ಟು, ಹಿಗ್ಗುವಿಕೆಯನ್ನು ನರದಷ್ಟು ಮರ ತಾಳಲಾರದು. ಹಾಗಾಗಿ ಅಳತೆಯಲ್ಲಿ ಚಿಕ್ಕದಾದ, ಕುದುರೆಯ ಮೇಲೆ ಕುಳಿತು ಬಳಸಬಹುದಾದ ಬಿಲ್ಲಿಗೆ ದೊಡ್ಡ ಮರದ ಬಿಲ್ಲಿನ ಬಲ ಬರುತ್ತದೆ. ಈಜಿಪ್ಟಿನ ತೂತನ್‌ಖಾಮನ್ ಸಮಾಧಿಯಲ್ಲಿ ಇಂಥ ಬಿಲ್ಲುಗಳು ಸಿಕ್ಕಿವೆ. ಮಂಗೋಲರು, ತುರ್ಕರು, ಕೊರಿಯನ್ನರು, ಮೊಘಲರು ಎಲ್ಲರೂ ಇದನ್ನೇ ನೆಚ್ಚಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಿಲ್ಲುಗಳ ವಿಧ ಹೇಳುವಾಗ ತಾಳೆ, ಬಿದಿರು, ಮರಗಳ ಜೊತೆಗೆ ಕೊಂಬಿನದೂ ಬರುತ್ತದೆ. ಆ ಗ್ರಂಥದ ತಾಳೆಗರಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ವಿಷ್ಣುವಿನ ಕೈಯಲ್ಲಿರುವ ಶಾರ್ಙ್ಗ ಎಂಬ ಬಿಲ್ಲಿನ ಹೆಸರು ಹುಟ್ಟಿದ್ದೂ ಶೃಂಗದಿಂದ, ಅಂದರೆ ಕೊಂಬಿನಿಂದ.

ಮರ, ಕೊಂಬು, ನರ ಮೂರೂ ಬೇರೆ ಬೇರೆ ಸ್ವಭಾವದವು. ಸೆಕೆಗೆ ಒಂದು ಹಿಗ್ಗುವ ರೀತಿ ಬೇರೆ, ತೇವಕ್ಕೆ ಇನ್ನೊಂದು ಉಬ್ಬುವ ರೀತಿ ಬೇರೆ. ಬಾಣ ಬಿಟ್ಟ ಪ್ರತಿ ಸಲವೂ ಮೂರೂ ಒಂದರ ಮೇಲೊಂದು ಜಾರಿಹೋಗಲು ನೋಡುತ್ತವೆ. ಜಾರದಂತೆ ಹಿಡಿದಿಡುವುದು ಕಣ್ಣಿಗೆ ಕಾಣದ ಒಂದು ತೆಳು ಪದರ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನು ಅವರ ಹಳೆಯ ಸಹೋದ್ಯೋಗಿಗಳೂ ಕೇಳಿದರು. ಜೀವನವಿಡೀ ರಾಳದಲ್ಲೇ ಕೈ ಅದ್ದಿದವನು ಎಪಾಕ್ಸಿ ಹಚ್ಚದೆ ತೊಗಲು ಬೇಯಿಸುವುದೇಕೆ? ಇಂದಿನ ಫೈಬರ್‌ಗ್ಲಾಸ್ ಬಿಲ್ಲುಗಳೆಲ್ಲ ಎಪಾಕ್ಸಿಯಿಂದಲೇ ಆಗುವುದು, ಚೆನ್ನಾಗಿಯೇ ಆಗುತ್ತವೆ. ಅವರ ಉತ್ತರ ಕಸುಬಿನವರ ಉತ್ತರ. ನರಕ್ಕೆ ಎಪಾಕ್ಸಿ ಹೊಂದುವುದಿಲ್ಲ. ನರದ ಎಳೆಗಳು ಅಂಟನ್ನು ಕುಡಿಯಬೇಕು, ಕುಡಿದು ಮೆತ್ತಗಾಗಬೇಕು, ಒಣಗುವಾಗ ಅಂಟಿನ ಜೊತೆ ತಾವೂ ಕುಗ್ಗಬೇಕು. ತೊಗಲಿನ ಅಂಟು ನೀರು ಬಿಟ್ಟುಕೊಡುತ್ತಾ ಕುಗ್ಗುವಾಗ ಬಿಲ್ಲಿನ ಬೆನ್ನನ್ನೇ ಸೆಳೆದು, ಹಗ್ಗ ಕಟ್ಟುವ ದಿಕ್ಕಿಗೆ ಎದುರಾಗಿ ಬಾಗಿಸುತ್ತದೆ. ಬಾಣ ಹೂಡುವ ಮೊದಲೇ ಬಿಲ್ಲಿನೊಳಗೆ ಬಲ ತುಂಬಿರುತ್ತದೆ. ಎಪಾಕ್ಸಿ ಗಟ್ಟಿಯಾಗುತ್ತದೆಯೇ ಹೊರತು ಹೀಗೆ ಎಳೆಯುವುದಿಲ್ಲ.

ಇನ್ನೊಂದು ಕಾರಣ ರಸಾಯನಶಾಸ್ತ್ರದ್ದು. ತೊಗಲು, ನರ ಎರಡರಲ್ಲೂ ಮುಖ್ಯವಾಗಿ ಇರುವುದು ಕೊಲ್ಯಾಜೆನ್ ಎಂಬ ಪ್ರೋಟೀನು. ಅಂಟು ಎನ್ನುವ ಗ್ರೀಕ್ ಪದದಿಂದಲೇ ಆ ಹೆಸರು ಬಂದಿದೆ. ಮೂರು ಎಳೆ ಹೊಸೆದ ಹಗ್ಗದಂತಿರುವ ಅದನ್ನು ನೀರಿನಲ್ಲಿ ಕಾಯಿಸಿದರೆ ಹೊಸೆತ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ತಣಿದಾಗ ಎಳೆಗಳು ಮತ್ತೆ ಅಲ್ಲಲ್ಲಿ ತೆಕ್ಕೆ ಬಿದ್ದು, ಮೊಸರು ಹೆಪ್ಪುಗಟ್ಟಿದಂತೆ ಗಟ್ಟಿಯಾಗುತ್ತವೆ. ಬಿಲ್ಲಿನ ಬೆನ್ನಿನ ಮೇಲೆ ನರಕ್ಕೆ ಅಂಟು ಹಚ್ಚುವುದೆಂದರೆ ಒಂದೇ ವಸ್ತುವಿನ ಎರಡು ರೂಪಗಳನ್ನು ಕೂಡಿಸುವುದು.

ಯಾವ ಅಂಟು? ಪುಣೆಯ ಪೇಟೆಯಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಸಕ್ಕರೆ ಹರಳಿನಂಥ ಅಂಟು, ಚೀಲದ ಮೇಲೆ ಗ್ರಾಂ ಲೆಕ್ಕದ ಒಂದು ಅಂಕಿ. ಅದು ತೂಕವಲ್ಲ. ನಿಗದಿಯಾದ ಹದದಲ್ಲಿ ಕರಗಿಸಿ, 10 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದ ಅಂಟಿನೊಳಕ್ಕೆ ಒಂದು ಚಿಕ್ಕ ಕಡ್ಡಿಯನ್ನು 4 ಮಿಲಿಮೀಟರ್ ಇಳಿಸಲು ಎಷ್ಟು ಗ್ರಾಂ ಭಾರ ಬೇಕು ಎಂಬ ಲೆಕ್ಕ. ಕಂಡುಹಿಡಿದ ಆಸ್ಕರ್ ಬ್ಲೂಮ್ ಹೆಸರಿನಲ್ಲಿ ಇದನ್ನು ಬ್ಲೂಮ್ ಎನ್ನುತ್ತಾರೆ. ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುವುದು ಸಹಜ. 251 ಅಥವಾ 315ರ ಅಂಟು ಗಟ್ಟಿ, ನಿಜ. ಆದರೆ ಅದು ಬೇಗ ಹೆಪ್ಪುಗಟ್ಟುತ್ತದೆ, ಹೆಚ್ಚು ನೀರು ಕೇಳುತ್ತದೆ, ಒಣಗುವಾಗ ಹೆಚ್ಚು ಕುಗ್ಗುತ್ತದೆ. ಡಿಸೆಂಬರಿನ ಪುಣೆಯಲ್ಲಿ, ಉದ್ದನೆಯ ಕೊಂಬಿನ ಪಟ್ಟಿಗೆ ಈ ತುದಿಯಿಂದ ಆ ತುದಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಈ ತುದಿ ಹೆಪ್ಪಾಗಿರುತ್ತದೆ. ಮರಗೆಲಸಕ್ಕೆ ಸಾಮಾನ್ಯವಾಗಿ ಬಳಸುವ 192ರದು ಸ್ವಲ್ಪ ಸಾವಕಾಶ ಕೊಡುತ್ತದೆ. ಅಂಟನ್ನು ಆರಿಸುವಾಗ ಬಲದ ಜೊತೆಗೆ ಎಷ್ಟು ಹೊತ್ತು ಕೈಗೆ ಸಿಗುತ್ತದೆ ಎಂಬುದನ್ನೂ ಆರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುವುದು ಮೀನಿನ ಅಂಟು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲವನ್ನು ನೆನೆಸಿ, ಚೂರು ಮಾಡಿ, ಮೆಲ್ಲನೆ ಕಾಯಿಸಿದರೆ ಸಿಗುವ ಇದು ತಣ್ಣಗಾದರೂ ಬೇಗ ಹೆಪ್ಪುಗಟ್ಟುವುದಿಲ್ಲ, ಒಣಗಿದ ಮೇಲೂ ಬಳುಕುತ್ತದೆ. ಕೊರಿಯಾದ ಬಿಲ್ಲುಗಾರರು ಒಂದು ಬಗೆಯ ಕ್ರೋಕರ್ ಮೀನಿನ ಗಾಳಿಚೀಲವನ್ನೇ ಬಳಸುತ್ತಾರೆ. ಅದೇ ಕುಲದ ಘೋಲ್ ಮೀನು ಮುಂಬೈ, ಗುಜರಾತಿನ ಕಡಲಲ್ಲಿ ಸಿಗುತ್ತದೆ; ಅದರ ಗಾಳಿಚೀಲ ಪೂರ್ವ ಏಷ್ಯಾಕ್ಕೆ ಎಷ್ಟು ದುಬಾರಿಗೆ ಹೋಗುತ್ತದೆಂದರೆ ಒಂದು ಘೋಲ್ ಸಿಕ್ಕಿದ ದೋಣಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಪಿಂಚಣಿಯಲ್ಲಿ ಬಿಲ್ಲು ಮಾಡುವವರಿಗೆ ಅದು ಎಟುಕದು. ಅವರು ಅದೇ ಕುಲದ ಚಿಕ್ಕ ಮೀನು ಧೋಮಾದ ಚೀಲಗಳನ್ನು ಮುಂಬೈಯ ಮೀನುಮಾರುಕಟ್ಟೆಯಿಂದ ತರುತ್ತಾರೆ. ಮೀನು ಹೆಚ್ಚುವ ಬಾಯಿ ಮೊದಲ ಸಲ ಪುಕ್ಕಟೆ ಕೊಟ್ಟಳು, ಎರಡನೆಯ ಸಲ ಯಾಕೆಂದು ಕೇಳಿದಳು, ಮೂರನೆಯ ಸಲದಿಂದ ದುಡ್ಡು ತೆಗೆದುಕೊಳ್ಳುತ್ತಿದ್ದಾಳೆ. ಕೊಂಬು ಮರದ ನಡುವೆ ಅವರು ಎರಡು ಪಾಲು ತೊಗಲಿನ ಅಂಟಿಗೆ ಒಂದು ಪಾಲು ಮೀನಿನದನ್ನು ಬೆರೆಸುತ್ತಾರೆ.

ಚೀನಾದ ಪ್ರಾಚೀನ ಕುಶಲಕರ್ಮಿಗಳ ಗ್ರಂಥವೊಂದಿದೆ, ಕಾವೊ ಗೊಂಗ್ ಜಿ ಎಂದು. ಅದರಲ್ಲಿ ಬಿಲ್ಲಿನ ಆರು ಸಾಮಗ್ರಿಗಳಿಗೆ ಆರು ಕೆಲಸ ಹಂಚಲಾಗಿದೆ. ಬಾಣ ದೂರ ಹೋಗುವುದಕ್ಕೆ ಮರ, ವೇಗಕ್ಕೆ ಕೊಂಬು, ಆಳಕ್ಕೆ ನಾಟುವುದಕ್ಕೆ ನರ, ಬಿಗಿತಕ್ಕೆ ರೇಷ್ಮೆ, ಮಂಜು ಇಬ್ಬನಿ ತಡೆಯುವುದಕ್ಕೆ ಅರಗು. ಅಂಟಿನ ಪಾಲಿಗೆ ಬಂದದ್ದು ಹೊಂದಾಣಿಕೆ. ಜಿಂಕೆ, ಕುದುರೆ, ಎತ್ತು, ಇಲಿ, ಮೀನು, ಘೇಂಡಾಮೃಗ ಎಂದು ಅಂಟಿನಲ್ಲೇ ಆರು ಬಗೆಗಳನ್ನು ಬಣ್ಣದ ಮೇಲೆ ಗುರುತಿಸುತ್ತದೆ ಆ ಗ್ರಂಥ. ಅವರು ಇದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಬೆರಗಾದರು. ಇಂಥದ್ದು ಇಷ್ಟು ವಿವರವಾಗಿ ಭಾರತದಲ್ಲಿ ಯಾರೂ ಬರೆದಿಡಲಿಲ್ಲವೇ ಎಂದು ಹುಡುಕತೊಡಗಿದಾಗ ಸಿಕ್ಕಿದ್ದು ಸ್ವಂತ ಊರು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಚಿತ್ರಕಲೆಯ ಭಾಗವಿದೆ. ಗೋಡೆಯ ಮೇಲೆ ಚಿತ್ರ ಬರೆಯಲು ಬೇಕಾದ ವಜ್ರಲೇಪದ ವಿಧಾನ ಅಲ್ಲಿದೆ. ಎಮ್ಮೆಯ ಹಸಿ ತೊಗಲನ್ನು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಬೇಕು. ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬೇಕಾದಾಗ ಮಡಕೆಯಲ್ಲಿ ನೀರು ಹಾಕಿ ಕಾಸಿ ಕರಗಿಸಿಕೊಳ್ಳಬೇಕು. ಅದಕ್ಕೂ ಆರು ಶತಮಾನಗಳ ಹಿಂದೆ ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಕೊಂಬು, ಎಮ್ಮೆಯ ತೊಗಲು ಸೇರಿದ ಒಂದು ಲೇಪ ಬರುತ್ತದೆ. ಬಡಗಿಗಳ ಬಾಯಲ್ಲಿ ಉಳಿದಿದ್ದ ವಜ್ರ ಬಂದದ್ದು ಈ ವಜ್ರಲೇಪದ ದಾರಿಯಿಂದ. ಅವರ ಹಳ್ಳಿಯಿಂದ ಬಸವಕಲ್ಯಾಣದ ಕೋಟೆಗೆ ಬಸ್ಸಿನಲ್ಲಿ ಅರ್ಧ ಗಂಟೆ.

ದೊರೆ ಬರೆದ. ಬೇಯಿಸಿದವರು ಯಾರು? ಸೋಮೇಶ್ವರ ತೀರಿಕೊಂಡ ಮೇಲೆ ಮೂರು ದಶಕವೂ ಕಳೆಯುವ ಮೊದಲು ಅದೇ ಕಲ್ಯಾಣದಲ್ಲಿ ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ ಶರಣರ ಸಾಲಿನಲ್ಲಿ ಕುಳಿತರು. ಬಸವಣ್ಣನವರಿಗಾಗಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಕಥೆ ಗೊತ್ತಿಲ್ಲದ ಮನೆ ಆ ಸೀಮೆಯಲ್ಲಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗೆ ಕಲ್ಯಾಣ ತೆತ್ತ ಬೆಲೆಯೂ ಗೊತ್ತಿರುವುದೇ.

ಪುಣೆಯ ಫ್ಲ್ಯಾಟಿನಲ್ಲಿ ಹಸಿ ತೊಗಲು ಬೇಯಿಸಲು ಸೊಸೈಟಿ ಬಿಡುವುದಿಲ್ಲ, ಹೆಂಡತಿಯೂ ಬಿಡುವುದಿಲ್ಲ. ಹರಳು ಅಂಟಿನಿಂದ ಎರಡು ಬಿಲ್ಲು ಮಾಡಿದ ಮೇಲೆ, ಮೂರನೆಯದಕ್ಕೆ ತಾವೇ ತೊಗಲಿನಿಂದ ತೆಗೆದ ಅಂಟು ಬೇಕೆಂದು ಅವರು ಊರಿಗೆ ಹೋದರು. ಹೊಲದ ಮನೆಯ ಅಂಗಳದಲ್ಲಿ ಒಲೆ ಹೂಡಬಹುದಿತ್ತು. ತೊಗಲಿನ ಕೆಲಸ ಬಲ್ಲ ಒಬ್ಬರೇ ಉಳಿದಿದ್ದರು, ಎಪ್ಪತ್ತು ದಾಟಿದ ಮುದುಕ. ಮಗ ಹೈದರಾಬಾದಿನಲ್ಲಿ ಗಾಡಿ ಓಡಿಸುತ್ತಾನೆ. ಓಣಿಯ ಸುಣ್ಣದ ಗುಂಡಿ ಮುಚ್ಚಿ ಅಲ್ಲಿ ಸಮುದಾಯ ಭವನ ಬಂದಿದೆ.

ಮುದುಕ ತೊಗಲು ನೋಡಿ ನಕ್ಕರು. ಅಂಟಿಗೆ ಇಷ್ಟು ಚಲೋ ತೊಗಲು ಯಾರು ಹಾಕ್ತಾರ? ಅಂಟು ಬರುವುದು ಹದ ಮಾಡುವಾಗ ಹೆರೆದು ಬಿಸಾಡುವ ಚೂರುಗಳಿಂದ, ಕಿವಿ, ಕಾಲು, ಅಂಚುಗಳಿಂದ. ಅವರು ಹೇಳಿದಂತೆ ಚೂರುಗಳು ಸುಣ್ಣದ ನೀರಿನಲ್ಲಿ ಮೂರು ವಾರ ಕುಳಿತವು. ಸುಣ್ಣ ಕೂದಲನ್ನು, ಕೊಬ್ಬನ್ನು ಬಿಡಿಸುತ್ತದೆ, ಕೊಲ್ಯಾಜೆನ್ನಿನ ಗಂಟುಗಳನ್ನು ಸಡಿಲಿಸುತ್ತದೆ. ಆಮೇಲೆ ಕಡಿಮೆ ಬಿಸಿಗೇ ಅಂಟು ಇಳಿಯುತ್ತದೆ. ನಂತರ ತೊಳೆಯುವ ಕೆಲಸ, ದಿನಕ್ಕೆ ಮೂರು ನೀರು, ಐದು ದಿನ. ಸುಣ್ಣ ಪೂರ್ತಿ ಹೋಯಿತೇ ಎಂದು ಅವರು ಬಣ್ಣದ ಕಾಗದ ಅದ್ದಿ ನೋಡಿದರು, ಮುದುಕ ಮೂಸಿ ನೋಡಿದರು. ನಾಲ್ಕನೆಯ ದಿನ ಇಬ್ಬರೂ ಇನ್ನೂ ಇಲ್ಲ ಎಂದರು, ಐದನೆಯ ದಿನ ಇಬ್ಬರೂ ಹೂಂ ಎಂದರು.

ಬೇಯಿಸುವುದಕ್ಕೆ ಕುದಿ ಬರಬಾರದು. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಚಿಕ್ಕ ಪಾತ್ರೆಯಲ್ಲಿ ಚೂರುಗಳು. ಉಷ್ಣಮಾಪಕ 60 ಡಿಗ್ರಿಯ ಹತ್ತಿರ ನಿಲ್ಲಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಎಳೆಗಳು ತುಂಡಾಗಿ ಅಂಟು ಬಲ ಕಳೆದುಕೊಳ್ಳುತ್ತದೆ. ಮುದುಕ ಬೆರಳು ಅದ್ದಿ ಎಷ್ಟು ಎಣಿಸುವವರೆಗೆ ತಾಳಬಹುದೆಂದು ನೋಡುತ್ತಿದ್ದರು. ಮೊದಲು ಇಳಿದ ಅಂಟು ತಿಳಿಜೇನಿನ ಬಣ್ಣದ್ದು, ಅದೇ ಉತ್ತಮ. ಅದನ್ನು ಸೋಸಿ ಬೇರೆ ಇಡಬೇಕು. ಎರಡನೆಯ ನೀರಿನದು ಕಂದು, ಮೂರನೆಯದು ಕಪ್ಪು ಚಹಾ. ಬಿಲ್ಲಿಗೆ ಮೊದಲನೆಯದು ಮಾತ್ರ.

ಎಂಬತ್ತನಾಲ್ಕು ವರ್ಷದ ಅವ್ವ ಅಂಗಳಕ್ಕೆ ಬರಲಿಲ್ಲ. ಪ್ರತಿ ಬಸವ ಜಯಂತಿಗೆ ಮೊಮ್ಮಕ್ಕಳಿಗೆ ಹರಳಯ್ಯನ ಕಥೆ ಹೇಳಿ ಕಣ್ಣೊರೆಸಿಕೊಳ್ಳುವವರು ಅವರೇ. ‘ತೊಗಲು ಒಳಗ ತರಬ್ಯಾಡ’ ಎಂದಷ್ಟೇ ಹೇಳಿದರು. ಬಾಗಿಲಿನಿಂದಲೇ ಇಬ್ಬರಿಗೂ ಚಹಾ ಬಂತು, ಮಗನಿಗೆ ಸ್ಟೀಲ್ ಲೋಟದಲ್ಲಿ, ಮುದುಕನಿಗೆ ಕಾಗದದ ಕಪ್ಪಿನಲ್ಲಿ. ಹಿಂದೆ ಇಂಥವರಿಗೆಂದೇ ಹಿತ್ತಲಿನ ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತು. ಕಾಗದದ ಕಪ್ಪು ಬಂದ ಮೇಲೆ ಯಾರೂ ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಕುಡಿದು ಬಿಸಾಡಿದರೆ ಮುಗಿಯಿತು. ಮುದುಕ ಕುಡಿದು ಬಿಸಾಡಿದರು. ಯಾರೂ ಮಾತಾಡಲಿಲ್ಲ.

ಮಾರನೆಯ ದಿನ ಚಹಾದ ಹೊತ್ತಿಗೆ ಮಗ ತಾವೇ ಒಳಗೆ ಹೋಗಿ ಫಳಿಯ ಮೇಲಿಂದ ಎರಡು ಸ್ಟೀಲ್ ಲೋಟ ತೆಗೆದುಕೊಂಡರು. ಅವ್ವ ನೋಡಿದರು, ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿ ಆ ಕಡೆ ತಿರುಗಿದರು. ಲೋಟಗಳು ಹೊರಗೆ ಹೋಗಿ ಒಳಗೆ ಬಂದವು. ಅವ್ವ ಅವನ್ನು ಎರಡು ಸಲ ತೊಳೆದರು. ಎರಡನ್ನೂ ಎರಡು ಸಲ.

ಅಂಟು ಹದಕ್ಕೆ ಬಂದಿದೆಯೇ ಎಂದು ನೋಡುವುದಕ್ಕೆ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಒತ್ತಿ ಬಿಡಬೇಕು. ಹತ್ತಿಯಂಥ ಸಣ್ಣ ಎಳೆ ಬಂದರೆ ಹದ. ಕುಂಚ ಎತ್ತಿದಾಗ ಹನಿಹನಿಯಾಗಿ ಬಿದ್ದರೆ ನೀರು ಹೆಚ್ಚು, ಮುದ್ದೆಯಾಗಿ ಬಿದ್ದರೆ ಕಡಿಮೆ, ಸಣ್ಣ ಧಾರೆಯಾಗಿ ಹರಿದರೆ ಸರಿ. ಒಣ ಅಂಟಾದರೆ ತೂಕದಲ್ಲಿ ಒಂದಕ್ಕೆ ಎರಡು ಪಾಲು ನೀರು ಎಂದು ಶುರು ಮಾಡಿ, ಹೀಗೆ ಬೆರಳಿನಿಂದ ತಿದ್ದಿಕೊಳ್ಳಬೇಕು. ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ಬರೆಯುತ್ತವೆ. ಅಂಗಳದಲ್ಲಿ ಮಗ ಬೆರಳು ಒತ್ತಿ ಬಿಡುತ್ತಿದ್ದುದನ್ನು ಮೂರನೆಯ ದಿನ ಹೊಸ್ತಿಲಲ್ಲಿ ನಿಂತು ನೋಡಿದ ಅವ್ವ, ‘ಪಾಕ ನೋಡಿದಂಗ ನೋಡ್ತಿಯಲ್ಲ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, ‘ಇನ್ನಾ ಒಂದೆಳಿ ಬಂದಿಲ್ಲ’ ಎಂದರು. ಬೆಲ್ಲದ ಪಾಕ ಕೆಡದಂತೆ ಅರವತ್ತು ವರ್ಷ ಉಂಡೆ ಕಟ್ಟಿದ ಕಣ್ಣು. ಮುದುಕ ಒಲೆಯಿಂದ ತಲೆ ಎತ್ತಿ, ‘ಹೌದ್ರಿ ಅವ್ವಾ, ಇನ್ನಾ ತಾಸು ಬೇಕು’ ಎಂದರು.

ಪುಣೆಗೆ ಮರಳಿದ ಮೇಲಿನದು ಋತುವಿನ ಕೆಲಸ. ಕೊಂಬಿಗೂ ಮರಕ್ಕೂ ಹಲ್ಲಿನ ಉಳಿಯಿಂದ ಒಂದಕ್ಕೊಂದು ಕೂರುವಂತೆ ಉದ್ದುದ್ದ ಗೀರುಗಳನ್ನು ಹಾಕಬೇಕು, ಅಂಟು ಹಿಡಿಯುವ ಜಾಗ ಹೆಚ್ಚಲಿ ಎಂದು. ತೆಳ್ಳಗಿನ ಅಂಟನ್ನು ಎರಡೂ ಮೈಗೆ ಐದಾರು ಸಲ ಹಚ್ಚಿ ಪ್ರತಿಸಲ ಒಣಗಿಸಬೇಕು. ಕೂಡಿಸುವ ದಿನ ಎರಡನ್ನೂ ಬೆಚ್ಚಗೆ ಮಾಡಿ, ದಪ್ಪ ಅಂಟು ಹಚ್ಚಿ, ಹಗ್ಗದಿಂದ ಸುತ್ತು ಸುತ್ತಾಗಿ ಬಿಗಿಯಬೇಕು. ಗೀರುಗಳಿಂದ ಹೆಚ್ಚಿನ ಅಂಟು ಹೊರಗೆ ಉಕ್ಕಬೇಕು. ಅದು ಡಿಸೆಂಬರಿನಲ್ಲಿ. ಎರಡು ತಿಂಗಳಾದ ಮೇಲೆ ನರ. ಒಣಗಿದ ನರವನ್ನು ಕಲ್ಲಿನ ಮೇಲೆ ಜಜ್ಜಿ, ಸೀಳಿ, ಕೂದಲಿನಂತೆ ಬಾಚಿ, ಬೆಚ್ಚನೆಯ ಅಂಟಿನಲ್ಲಿ ಅದ್ದಿ, ಹಿಂಡಿ, ಬೆನ್ನಿನ ಮೇಲೆ ಎಳೆ ಎಳೆಯಾಗಿ ಹಾಸಬೇಕು. ಒಂದು ಪದರ ಫೆಬ್ರವರಿಯಲ್ಲಿ, ಇನ್ನೊಂದು ಏಪ್ರಿಲಿನ ಒಣ ಹವೆಯಲ್ಲಿ. ಚೀನೀ ಗ್ರಂಥದ ಋತುಗಳು ಪುಣೆಗೆ ಹೊಂದುವುದಿಲ್ಲ, ತುರ್ಕಿಯದೂ ಹೊಂದುವುದಿಲ್ಲ. ಈ ಪಂಚಾಂಗ ಅವರೇ ಹಾಕಿಕೊಂಡದ್ದು.

ಜೂನ್ ಬಂದರೆ ಭಯ. ತೊಗಲಿನ ಅಂಟು ಗಾಳಿಯ ತೇವವನ್ನು ಕುಡಿಯುತ್ತದೆ, ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕೊರಿಯನ್ನರು ಬಿಲ್ಲನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಭಾರತದ ಕೊಂಬಿನ ಬಿಲ್ಲುಗಳಿಗೆ ಮೇಲೆ ಅರಗು ಬಣ್ಣಗಳ ಹೊದಿಕೆ ಇರುತ್ತಿತ್ತು; ಪೂರ್ತಿ ಉಕ್ಕಿನಲ್ಲೇ ಮಾಡಿದ ಬಿಲ್ಲುಗಳೂ ಈ ನೆಲದಲ್ಲಿ ಬಳಕೆಯಲ್ಲಿದ್ದವು, ಅವಕ್ಕೆ ಮಳೆಗಾಲದ ಹಂಗಿಲ್ಲ. ಅವರ ಮೂರನೆಯ ಬಿಲ್ಲು ಈಗ ನಲವತ್ತು ವ್ಯಾಟಿನ ಬಲ್ಬು ಉರಿಯುವ ಒಂದು ಹಳೆಯ ಕಪಾಟಿನಲ್ಲಿ ನೇತಾಡುತ್ತಿದೆ.

ಊರಿನಲ್ಲಿ ಮಿಕ್ಕ ಅಂಟಿನ ಕಡ್ಡಿಗಳನ್ನು ಅವರು ಮುದುಕನಿಗೆ ಕೊಟ್ಟು ಬಂದಿದ್ದರು. ಮೊನ್ನೆ ಫೋನಿನಲ್ಲಿ ಮುದುಕ, ಮಳೆಗೆ ಬಿಲ್ಲು ಬಿಟ್ಟುಕೊಳ್ಳಲಿಲ್ಲವೇ ಎಂದು ಕೇಳಿದರು. ಇನ್ನೂ ಇಲ್ಲ ಎಂದಾಯಿತು. ‘ಬಿಟ್ರ ಬಿಡ್ಲಿ, ಮತ್ತ ಕಾಸಿ ಹಚ್ಚಿದ್ರ ಆಯ್ತು. ವಜ್ರಕ್ಕ ಅದೇ ಚಲೋ ಅದ’ ಎಂದರು. ಎಪಾಕ್ಸಿಗೆ ಆ ಗುಣವಿಲ್ಲ ಎಂಬುದು ಮೂವತ್ತು ವರ್ಷದ ರಾಳದ ಅನುಭವಕ್ಕೂ ಗೊತ್ತಿತ್ತು. ಕೂಡಿಸಿದ್ದು ಕೆಟ್ಟರೆ ಅಲ್ಲಿ ಕತ್ತರಿಸಿ ಎಸೆಯುವುದೇ ದಾರಿ.

ಅವ್ವನಿಗೆ ಎಮ್ಮೆಯ ಕೊಂಬಿನ ಬಿಲ್ಲಿನಲ್ಲಿ ಆಸಕ್ತಿಯಿಲ್ಲ. ಆದರೆ ದೀಪಾವಳಿಗೆ ಊರಿಗೆ ಹೋದಾಗ, ಆ ಅಂಟು ಕಾಸಿದವರು ಅಂಗಳಕ್ಕೆ ಬಂದರೆ ಯಾವ ಲೋಟ ಕೊಡಬೇಕೆಂದು ಮಗನ ಮುಖ ನೋಡದೆ ಕೇಳಿದರು. ಫಳಿಯ ಮೇಲಿನದೇ ಎಂದು ಮಗ ಹೇಳಿದರು. ಆ ದಿನ ಮುದುಕ ಬರಲಿಲ್ಲ, ಹೈದರಾಬಾದಿಗೆ ಮಗನ ಮನೆಗೆ ಹೋಗಿದ್ದರು. ಜನವರಿಯಲ್ಲಿ ಬಿಲ್ಲಿಗೆ ಮೊದಲ ಸಲ ಹಗ್ಗ ಏರಿಸುವಾಗ ಬರುತ್ತೇನೆಂದು ಹೇಳಿದ್ದಾರೆ.